ಉಸಿರಿನ ಕಚ್ಚು

ನೆನಪು ಮರಳಿ ಬರತೊಡಗಿದ ಆಷಾಢದಲ್ಲಿಯೇ ಮರುದೇವಮ್ಮನವರು ಕಂಡಕಂಡವರಲ್ಲಿ ಕ್ಷಮೆ ಕೇಳತೊಡಗಿದರು.

ಮೊದಲು ಕೇಳಿದ್ದು ಹಾಲು ಹಾಕುವ ಗೌರಿಯಲ್ಲಿ. ಅವಳು ಪಾತ್ರೆಗೆ ಹಾಲು ಸುರಿಯುತ್ತಿದ್ದಾಗ ಮರುದೇವಮ್ಮನವರು ಬಾಗಿಲಿಗೆ ಬಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ನನ್ನಿಂದ ತಪ್ಪಾಗಿದೆಯಮ್ಮ, ಕ್ಷಮಿಸಿಬಿಡು" ಎಂದರು.

"ಅಯ್ಯೋ ಬಿಡಿ ಅಜ್ಜಿ, ನೀವು ನಂಗೇನು ಮಾಡಿದ್ರಿ?"

"ಏನೋ ಮಾಡಿದೀನಿ. ನೆನಪಿಗೆ ಬರ್ತಾ ಇಲ್ಲ, ಅಷ್ಟೇ. ಬಂದ್ಮೇಲೆ ಹೇಳ್ತೀನಿ. ಈಗ ಮೊದ್ಲು ಕ್ಷಮಿಸಿಬಿಡು."

ಗೌರಿ ನಕ್ಕು, "ಆಯ್ತು, ಕ್ಷಮಿಸಿದೆ. ನಾನು ನೀರು ಬೆರೆಸಿದ್ನ ನೀವೂ ಕ್ಷಮಿಸಿಬಿಡಿ" ಎಂದು ಹೊರಟುಹೋದಳು. ಅಡುಗೆಮನೆಯಲ್ಲಿದ್ದ ಮಗಳು ಅನಂತಮತಿಗೂ ನಗು ಬಂತು. ಶಾಲೆಯಲ್ಲಿ ಮೇಷ್ಟ್ರಾಗಿದ್ದ ಅವಳಿಗೆ ಅಮ್ಮ ಎರಡು ವರ್ಷಗಳ ಮೇಲೆ ತನ್ನನ್ನು ಹೆಸರು ಹಿಡಿದು ಕರೆಯುತ್ತಿರುವುದೇ ದೊಡ್ಡ ಸಂತೋಷವಾಗಿತ್ತು. ಅದರ ಮುಂದೆ ಇದೇನು ಮಹಾ? ಆದರೆ ಹಜಾರದ ಮೂಲೆಯಲ್ಲಿ ಕುಳಿತು ಹಣೆಯಿಂದ ಪಟ್ಟಿ ಬಿಚ್ಚುತ್ತಿದ್ದ ಧರಣೇಂದ್ರಯ್ಯನವರು ನಗಲಿಲ್ಲ. ಮರುದೇವಮ್ಮ ಅವರ ಅಕ್ಕ; ಮರೆವು ಹತ್ತಿದ ಮೇಲೆ ಮಗಳೊಡನೆ ತಮ್ಮನ ಮನೆಗೇ ಬಂದು ನೆಲೆಸಿದ್ದರು. ಅಕ್ಕನ ನೆನಪು ಮರಳಿ ಬರುತ್ತಿದ್ದುದು ಈ ತಮ್ಮನಿಂದಲೇ.

ಜೋಡಿಪಟ್ಟಿ ಬಂದು ಆಗ ಮೂರನೆಯ ವರ್ಷ. ಅದರ ಹಿಂದಿನ ವಿಚಾರ ಸರಳವಾದದ್ದು. ಮಿದುಳು ದಿನವೆಲ್ಲ ದುಡಿದು ಕಸ ಮಾಡಿಕೊಳ್ಳುತ್ತದೆ. ಗಾಢನಿದ್ರೆಯಲ್ಲಿ ಒಂದು ತಿಳಿನೀರು ಹರಿದು ಆ ಕಸವನ್ನು ತೊಳೆದು ಒಯ್ಯುತ್ತದೆ. ಮುಪ್ಪಿನಲ್ಲಿ ಹರಿವು ಮಂದವಾದರೆ ಕಸ ಅಲ್ಲಲ್ಲೇ ಕಟ್ಟಿಕೊಂಡು ಮರೆವು ಹತ್ತುತ್ತದೆ. ಬಹುಕಾಲ ಧ್ಯಾನ ಮಾಡಿ ಪಳಗಿದವರಲ್ಲಿ, ಎಚ್ಚರದಲ್ಲಿ ಕುಳಿತಿರುವಾಗಲೂ, ಉಸಿರಿನ ತಾಳಕ್ಕೆ ಆ ನೀರು ಹರಿಯುತ್ತದೆಂದು ಮೈಸೂರಿನ ಹೊರಗಿನ ಸಂಶೋಧನಾಲಯದವರು ಕಂಡುಕೊಂಡರು. ಆದರೆ ಮರೆವು ಹತ್ತಿದ ಮೇಲೆ ಧ್ಯಾನ ಕಲಿಯುವುದು ಹೇಗೆ? ಯಾತಕ್ಕೆ ಕುಳಿತೆವೆಂಬುದೇ ಮರೆತುಹೋಗುತ್ತದಲ್ಲ! ಅದಕ್ಕಾಗಿ ಅವರು ಎರಡು ಹಣೆಗೆ ಎರಡು ಪಟ್ಟಿ ಮಾಡಿದರು. ಒಂದು ಪಟ್ಟಿ ಕುಳಿತವರ ಲಯವನ್ನು ಓದುತ್ತದೆ. ಇನ್ನೊಂದು, ಮಗುವಿನ ಬೆನ್ನು ತಟ್ಟಿದ ಹಾಗೆ, ರೋಗಿಯ ಮಿದುಳಿಗೆ ಅದೇ ಲಯವನ್ನು ತಟ್ಟುತ್ತದೆ. ಕ್ರಮೇಣ ರೋಗಿಯ ಉಸಿರು ಕುಳಿತವರ ಉಸಿರಿನ ಹಿಂದೆಯೇ ನಡೆಯುತ್ತದೆ, ನೀರು ಹರಿಯುತ್ತದೆ.

ಕೂರುವವರನ್ನೂ ರೋಗಿಗಳನ್ನೂ ಜೊತೆ ಮಾಡಲು ಬಡಾವಣೆಗೊಂದು ಜೊತೆಮನೆ ಎದ್ದಿತು. ಗರಡಿಯ ಮುದಿ ಉಸ್ತಾದರು, ಚರ್ಚಿನ ಸಿಸ್ಟರುಗಳು, ದರ್ಗಾದ ಸಾಹೇಬರು, ಯೋಗ ಕಲಿಸುವವರು ಎಲ್ಲರೂ ಅಲ್ಲಿ ಕೂರಲು ಬಂದರು. ಯಾವ ದೇವರ ಹೆಸರಿನಲ್ಲಿ ಕುಳಿತರೂ ಪಟ್ಟಿಗೆ ಒಂದೇ. ಮಾರುಕಟ್ಟೆಯಲ್ಲಿ ಭೇಟಿಯಾದವರು "ಮಗಳಿಗೆ ಗಂಡು ಸಿಕ್ತಾ" ಎಂದು ಕೇಳುವ ಹಾಗೆ "ಅಜ್ಜಿಗೆ ಜೊತೆ ಸಿಕ್ತಾ" ಎಂದು ಕೇಳುವುದು ವಾಡಿಕೆಯಾಯಿತು. ಅನಂತಮತಿಯೂ ಅಮ್ಮನಿಗಾಗಿ ಒಮ್ಮೆ ಕುಳಿತು ನೋಡಿದ್ದಳು. ಲಯ ನೆಲೆಗೊಂಡರೆ ಹತ್ತಬೇಕಾದ ಪಟ್ಟಿಯ ಹಸಿರು ದೀಪ ಹತ್ತಲೇ ಇಲ್ಲ. "ಮೇಷ್ಟ್ರುಗಳ ತಲೆ, ಗಂಟೆ ಹೊಡೆದ್ರೂ ನಿಲ್ಲಲ್ಲ ಬಿಡಮ್ಮ" ಎಂದು ಜೊತೆಮನೆಯ ಆಯಾ ನಕ್ಕಿದ್ದಳು.

ಧರಣೇಂದ್ರಯ್ಯನವರು ಕುಳಿತಾಗ ಮಾತ್ರ ಹಸಿರು ದೀಪ ಹತ್ತಿದ್ದು ಆರಲೇ ಇಲ್ಲ. ಬಸದಿಗೆ ಬರುವವರಿಗೆ ಅದು ಆಶ್ಚರ್ಯವೆನಿಸಲಿಲ್ಲ. ಅವರ ಸಾಮಾಯಿಕವನ್ನು ಊರೇ ಬಲ್ಲದು. ಜೈನರ ಮನೆಗಳಲ್ಲಿ ಹಿರಿಯರು ಸಂಧ್ಯೆಗಳಲ್ಲಿ ಎರಡು ಗಳಿಗೆ ಹೊತ್ತು ಎಲ್ಲ ಜೀವಿಗಳಲ್ಲೂ ಸಮಭಾವ ತಾಳಿ ಕುಳಿತುಕೊಳ್ಳುವ ವ್ರತ ಅದು. ಸಂಕಲ್ಪ ಮಾಡಿ ಕುಳಿತನೆಂದರೆ ಅಷ್ಟು ಹೊತ್ತು ಗೃಹಸ್ಥನೂ ಮುನಿಯೇ. ಮನೆಯ ಗೊಡವೆ ಅವನಿಗೆ ಇಲ್ಲ. ಕರೆದರೆ ಓಗೊಡುವಂತಿಲ್ಲ, ನಡುವೆ ಎದ್ದರೆ ಮತ್ತೆ ಮೊದಲಿನಿಂದ ಕೂರಬೇಕು. ಧರಣೇಂದ್ರಯ್ಯನವರು ಕುಳಿತಾಗ ಮೈಮೇಲೆ ಇರುವೆ ಹರಿದರೂ ಅಲುಗರೆಂದು ಜನ ಹೇಳುತ್ತಿದ್ದರು. ಹೆಂಡತಿ ಚಂದ್ರಮತಿ ತೀರಿಹೋದ ದಿನವೂ ಅವರು ಸಂಜೆಯ ಸಾಮಾಯಿಕ ಬಿಡಲಿಲ್ಲವೆಂದು ಕೊಂಡಾಡುತ್ತಿದ್ದರು.

ಸಂಶೋಧನಾಲಯದ ಡಾಕ್ಟರ್ ಬೊಳ್ಳಮ್ಮನಿಗೆ ಆ ಸುದ್ದಿ ತಲುಪಿತು. ಜೊತೆ ಸಿಗದೆ ಕಾದಿರುವ ರೋಗಿಗಳು ನಾಡಿನ ತುಂಬ ಇದ್ದರು. ಒಬ್ಬರ ಲಯವನ್ನು ಅಚ್ಚಿನ ಹಾಗೆ ತೆಗೆದಿಟ್ಟುಕೊಂಡರೆ ಅದನ್ನು ಸಾವಿರ ಪಟ್ಟಿಗಳಿಗೆ ಕೊಡಬಹುದೆಂಬುದು ಅವಳ ಆಸೆ. ಧರಣೇಂದ್ರಯ್ಯನವರು ಒಪ್ಪಿದರು. ಅಚ್ಚು ತೆಗೆದು, ಪರೀಕ್ಷೆಗೆಂದು ದೂರದ ಒಂದು ಊರಿನ ಜೊತೆಮನೆಗೆ ಕಳಿಸಿಯೂ ಆಯಿತು.

ಶ್ರಾವಣದಲ್ಲಿ ಅವಳು ಅವರನ್ನು ಕರೆಸಿದಳು. ದೊಡ್ಡ ಪರದೆಯ ಮೇಲೆ ಗಾಳಿಯಿಲ್ಲದ ಕೆರೆಯಂಥ ಗೆರೆಯೊಂದು ಸಾಗುತ್ತಿತ್ತು.

"ನೋಡಿ ಸರ್, ನೀವೇ ಇದು. ನಿಮ್ಮ ಗೆರೆ ನೋಡ್ತಾ ನೋಡ್ತಾ ನಮ್ಮ ಹುಡುಗ್ರು ನಿದ್ದೆ ಹೋಗ್ತಾರೆ."

ಧರಣೇಂದ್ರಯ್ಯನವರಿಗೆ ಒಳಗೊಳಗೇ ಹೆಮ್ಮೆಯಾಯಿತು. ಹೆಮ್ಮೆಯಾಯಿತೆಂದು ತಿಳಿದು ಮನಸ್ಸಿನಲ್ಲೇ ಣಮೋಕಾರ ಮಂತ್ರ ಹೇಳಿಕೊಂಡರು.

"ಅಲ್ಲಿ ರೋಗಿಗಳು ಹೇಗಿದಾರಮ್ಮ?"

"ನೆನಪು ಚೆನ್ನಾಗಿ ಬರ್ತಿದೆ. ಇನ್ನೊಂದು ತಮಾಷೆ ಕೇಳಿ, ಎಲ್ಲರೂ ಸಾಧುಗಳಾಗ್ಬಿಟ್ಟಿದಾರೆ! ಒಬ್ಬರು ರಿಟೈರ್ಡ್ ಸಬ್ ಇನ್ಸ್‌ಪೆಕ್ಟ್ರು, ಊರೆಲ್ಲ ನಡುಗಿಸಿದೋರಂತೆ. ಈಗ ಎಳನೀರು ಮಾರೋನ ಕೈ ಹಿಡ್ಕೊಂಡು ತಪ್ಪಾಯ್ತಪ್ಪ ಅಂತಾರಂತೆ. ಸೊಸೆಗೆ ಖುಷಿಯೋ ಖುಷಿ. ಆ ಅಚ್ಚು ನಮ್ಮತ್ತೇಗೂ ಹಾಕಿ ಅಂತ ಪಕ್ಕದ ಮನೆಯೋರು ಕೇಳ್ತಿದಾರೆ."

ಅವಳು ನಗುತ್ತಿದ್ದಳು. ಧರಣೇಂದ್ರಯ್ಯನವರ ಕಣ್ಣು ಪರದೆಯ ಮೇಲಿತ್ತು. ಕೆರೆಯಂಥ ಆ ಗೆರೆಯಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಕಚ್ಚು ಬಿದ್ದಿತ್ತು, ಮರದ ಅಂಚಿನಲ್ಲಿ ಉಗುರು ಒತ್ತಿದ ಹಾಗೆ.

"ಇದೇನಮ್ಮ?"

"ಅದು ನಿಮ್ಮ ಸಹಿ ಸರ್. ಬೇರೆ ಯಾರ ಗೆರೇಲೂ ಇಲ್ಲ. ಉಸಿರು ಒಂದು ಕ್ಷಣ ಬಿಗಿಯಾಗಿ ನಿಂತು ಆಮೇಲೆ ಮುಂದೆ ಹೋಗುತ್ತೆ. ಯಾಕೋ ಗೊತ್ತಿಲ್ಲ. ಕಚ್ಚು ಆದ್ಮೇಲೇನೇ ನೀವು ಇನ್ನೂ ಆಳಕ್ಕೆ ಹೋಗ್ತೀರಿ."

ಅವರು ನೋಡುತ್ತ ನಿಂತರು. ಒಂದು ಕಚ್ಚು. ಸ್ವಲ್ಪ ಬಿಟ್ಟು ಇನ್ನೊಂದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಯಾರೋ ಕಾದಂತೆ. ಮತ್ತೆ ಎರಡು, ಒಂದರ ಹಿಂದೆ ಒಂದು. ಆ ಅಂತರವನ್ನು ಅವರು ಬಲ್ಲರು. ಅವರ ಕಿವಿ ಬಿಸಿಯಾಯಿತು. ಎದುರಿಗಿದ್ದ ಹೆಣ್ಣುಮಗಳು ತಮ್ಮ ಮೈಮೇಲಿನ ಬಟ್ಟೆ ಸರಿಸಿ ನೋಡುತ್ತಿದ್ದಾಳೆ ಎನಿಸಿ, ಉತ್ತರೀಯವನ್ನು ಎದೆಗೆ ಎಳೆದುಕೊಂಡರು.

"ನೀರು ಕೊಡ್ಲಾ ಸರ್?"

"ಬೇಡಮ್ಮ. ಹೊತ್ತಾಯ್ತು, ಬರ್ತೀನಿ."

ಹೇಳಬೇಕಾದುದನ್ನು ಅವರು ಅಂದು ಹೇಳಲಿಲ್ಲ.

ಚಂದ್ರಮತಿಗೂ ಅದೇ ಮರೆವು ಬಂದಿತ್ತು. ಜೋಡಿಪಟ್ಟಿ ಬರುವುದಕ್ಕಿಂತ ಮುಂಚೆ. ಅವಳು ಬೈಯುತ್ತಿರಲಿಲ್ಲ, ಬೀದಿಗೆ ಓಡುತ್ತಿರಲಿಲ್ಲ. ಅವಳದು ಒಂದೇ ಕಾಟ. ಗಂಡ ಕಣ್ಣಿಗೆ ಮರೆಯಾದರೆ ಸಾಕು, "ರೀ, ಇದೀರಾ?" ಎಂದು ಕರೆಯುವಳು. "ಇದೀನಿ" ಎಂದರೆ ಸುಮ್ಮನಾಗುವಳು. ಉತ್ತರ ಬಂದದ್ದು ಮರೆತು ಮತ್ತೆ ಕರೆಯುವಳು. ಮೊದಮೊದಲು ಧರಣೇಂದ್ರಯ್ಯನವರು ಪ್ರತಿ ಸಲವೂ ಓಗೊಟ್ಟರು. ಆಮೇಲೆ ಸಾಮಾಯಿಕಕ್ಕೆ ಕುಳಿತಾಗ ಸುಮ್ಮನಿದ್ದರು, ಅದು ಶಾಸ್ತ್ರವೇ. ಆ ಎರಡು ಗಳಿಗೆಯ ನೆಮ್ಮದಿ ಅವರಿಗೆ ರುಚಿಸಿತು. ಬೆಳಗ್ಗೆ ಒಂದಿದ್ದದ್ದು ಎರಡಾಯಿತು, ಮಧ್ಯಾಹ್ನಕ್ಕೂ ಬಂತು, ಸಂಜೆಗೂ ಬಂತು. ದೇವರಕೋಣೆಯ ಬಾಗಿಲು ಹಾಕಿಕೊಂಡರೆ ಯಾರೂ ತಪ್ಪು ಹೇಳುವಂತಿಲ್ಲ. ಅವಳು ಗೋಡೆ ಹಿಡಿದುಕೊಂಡು ಬಂದು ಬಾಗಿಲ ಆಚೆ ನಿಂತು ಕರೆಯುವಳು. ಈಚೆ ಅವರು, ತಾವು ಒಳಗಿರುವುದು ಅವಳಿಗೆ ತಿಳಿಯದಿರಲೆಂದು, ಉಸಿರು ಬಿಗಿಹಿಡಿಯುವರು. ಅವಳು ಸ್ವಲ್ಪ ಕಾದು ಮತ್ತೆ ಕರೆಯುವಳು. ಹೀಗೆ ಎರಡು ವರ್ಷ ನಡೆಯಿತು. ಊರು ಕೊಂಡಾಡಿದ ನಿಶ್ಚಲತೆಯನ್ನು ಅವರು ಕಲಿತದ್ದು ಅಲ್ಲಿ.

ಭಾದ್ರಪದ ಬಂತು. ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಸದಿಯಲ್ಲಿ ಎಲ್ಲರೂ ಎಲ್ಲರಿಗೂ ಕೈಮುಗಿದು, ವರ್ಷದಲ್ಲಿ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳಿದರು. ಆ ಒಂದು ದಿನ ಮರುದೇವಮ್ಮನವರು ಎಲ್ಲರಂತೆಯೇ ಕಂಡರು. ಮನೆಗೆ ಬಂದ ಮೇಲೆ ತಮ್ಮನ ಎದುರು ಗೋಡೆಗೆ ಒರಗಿ ಕುಳಿತು, "ಗೊತ್ತಾಯ್ತು ಕಣೋ" ಎಂದರು.

"ಏನಕ್ಕ?"

"ನಾನು ಮಾಡಿದ ತಪ್ಪು. ಇಷ್ಟು ದಿನ ಎದೆ ಒಳಗೆ ಯಾರೋ ಬಚ್ಚಿಟ್ಟುಕೊಂಡ ಹಾಗೆ ಆಗ್ತಿತ್ತಲ್ಲ, ಅದು ಚಂದ್ರಮತಿ ವಿಷ್ಯ. ಅವಳು ಕಾಯಿಲೆ ಬಿದ್ದಾಗ ಬರ್ತೀನಿ ಅಂತ ಹೇಳಿಕಳಿಸಿ ನಾನು ಬರಲೇ ಇಲ್ಲ. ಅವಳು ಕಾದಿರ್ತಾಳೆ. ನಾನೇ ಅವಳನ್ನ ಕೊಂದುಬಿಟ್ಟೆ ಅನ್ನಿಸ್ತಿದೆ."

"ನಿನಗೆ ಆಗ ಮಂಡಿ ಆಪರೇಷನ್ ಆಗಿತ್ತು ಅಕ್ಕ."

"ಮಂಡಿ ಸುಳ್ಳು ಹೇಳುತ್ತೆ, ಎದೆ ಹೇಳಲ್ಲ. ಅವಳಂತೂ ಇಲ್ಲ. ಅವಳ ಪರವಾಗಿ ನೀನೇ ಕ್ಷಮಿಸಿಬಿಡು" ಎಂದು ಎಂಬತ್ತು ದಾಟಿದ ಅಕ್ಕ ತಮ್ಮನಿಗೆ ಕೈಮುಗಿದರು.

ಈಗಲಾದರೂ ಹೇಳಬಹುದಿತ್ತು. ಹಜಾರದಲ್ಲಿ ಅನಂತಮತಿ ಇದ್ದಳು. ಬಸದಿಯಿಂದ ಬಂದ ನೆಂಟರು ಇಬ್ಬರು ಇದ್ದರು. ಧರಣೇಂದ್ರಯ್ಯನವರೂ ಕೈಮುಗಿದರು. "ಉತ್ತಮ ಕ್ಷಮೆ ಅಕ್ಕ" ಎಂದರು. ನೆಂಟರಲ್ಲೊಬ್ಬರು ಕಣ್ಣೊರೆಸಿಕೊಂಡರು.

ಆ ದಿನ ಸಂಜೆ ಅವರು ಸಾಮಾಯಿಕಕ್ಕೆ ಕುಳಿತರು, ಪಟ್ಟಿ ಇಲ್ಲದೆ. ಎಲ್ಲ ಜೀವಿಗಳನ್ನೂ ಕ್ಷಮಿಸುವ ಮಾತು ನಾಲಿಗೆಗೆ ಬಂದಾಗ ನಾಲಿಗೆ ಏಳಲಿಲ್ಲ. ತಾನು ಮಾಡಿದ ತಪ್ಪಿಗೆ ಇನ್ನೊಬ್ಬರನ್ನು ಕ್ಷಮಿಸಿ ಬಂದವನು ಯಾವ ಬಾಯಲ್ಲಿ ಅದನ್ನು ಹೇಳಬೇಕು? ಜಿನಬಿಂಬದ ಮುಖವನ್ನು ನೋಡಲಾಗದೆ ಪೀಠದ ಕಡೆಗೇ ನೋಡುತ್ತ ಕುಳಿತರು.

ಕೆಲವು ದಿನಗಳ ಮೇಲೆ ಬೊಳ್ಳಮ್ಮ ತಾನೇ ಮನೆಗೆ ಬಂದಳು. ಅಚ್ಚು ಎಲ್ಲ ಜೊತೆಮನೆಗಳಿಗೂ ಹೋಗಲು ಒಪ್ಪಿಗೆ ಸಿಕ್ಕಿತ್ತು, ಸಿಹಿ ತಂದಿದ್ದಳು. ಮಾತಿನ ನಡುವೆ, ಒಂದು ಸಣ್ಣ ಚಿಂತೆಯನ್ನೂ ಹೇಳಿದಳು.

"ಆ ಊರಲ್ಲಿ ಒಬ್ಬ ಅಜ್ಜಿ ಊಟ ಬಿಟ್ಟಿದಾರೆ ಸರ್. ಅನ್ನ ತಿನ್ನೋ ಯೋಗ್ಯತೆ ನಂಗಿಲ್ಲ ಅಂತಾರಂತೆ. ಯಾಕಜ್ಜಿ ಅಂದ್ರೆ, ಗೊತ್ತಿಲ್ಲ, ಇಲ್ಲ ಅಷ್ಟೇ ಅಂತಾರಂತೆ. ನೆನಪು ಮಾತ್ರ ಎಲ್ಲರಿಗಿಂತ ಚೆನ್ನಾಗಿ ಬಂದಿರೋದು ಅವರಿಗೇನೆ. ಇದು ಬೇರೆ ಏನೋ ಇರ್ಬೇಕು."

ಧರಣೇಂದ್ರಯ್ಯನವರು ಕೈಯಲ್ಲಿದ್ದ ಸಿಹಿಯನ್ನು ತಟ್ಟೆಗೆ ಇಟ್ಟರು.

"ಡಾಕ್ಟ್ರಮ್ಮ, ಆ ಕಚ್ಚು ನನ್ನ ಸಹಿ ಅಲ್ಲ."

"ಮತ್ತೆ?"

"ಅದು ನನ್ನ ಹೆಂಡತಿ."

ಅವರು ಎಲ್ಲವನ್ನೂ ಹೇಳಿದರು. ಹೇಳುವಾಗ ಅವರ ದೃಷ್ಟಿ ಅವಳ ಚಪ್ಪಲಿಯ ಮೇಲೆಯೇ ಇತ್ತು. ಬೊಳ್ಳಮ್ಮ ಕೇಳಿದಳು, ಒಪ್ಪಲಿಲ್ಲ. "ಸರ್, ನಿಮ್ಮ ದುಃಖ ನಂಗರ್ಥ ಆಗುತ್ತೆ. ಆದ್ರೆ ಪಟ್ಟಿಯಲ್ಲಿ ಭಾವನೆ ಹೋಗೋದಿಲ್ಲ. ಬರೀ ಲಯ ಹೋಗುತ್ತೆ."

"ಲಯವೇ ಸಾಕಲ್ಲಮ್ಮ. ಬಾಗಿಲ ಹಿಂದೆ ಬಚ್ಚಿಟ್ಟುಕೊಂಡವನು ಹೇಗೆ ಉಸಿರಾಡ್ತಾನೋ ಹಾಗೆ ಉಸಿರಾಡೋದನ್ನ ನೀವು ಅವರಿಗೆ ದಿನಾ ಕಲಿಸ್ತಾ ಇದೀರಿ. ಏನೋ ತಪ್ಪು ಮಾಡಿದೀನಿ ಅಂತ ಅವರಿಗೆ ಅನ್ನಿಸದೆ ಇನ್ನೇನಾಗುತ್ತೆ? ಕಾರಣ ಇಲ್ದೆ ಇದ್ರೆ ಮನಸ್ಸು ತಾನೇ ಒಂದು ಹುಡುಕಿಕೊಳ್ಳುತ್ತೆ. ನಮ್ಮಕ್ಕ ಹುಡುಕಿಕೊಂಡಳು. ಆ ಅಜ್ಜಿಗೆ ಸಿಕ್ಕಿಲ್ಲ, ಅದಕ್ಕೇ ಅನ್ನ ಬಿಟ್ಟಿದಾರೆ."

ಬೊಳ್ಳಮ್ಮ ತಾನು ತಂದ ಸಿಹಿಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಎಲ್ಲ ಸಾಧುಗಳಾದ್ರು ಅಂತ ನಾನು ನಕ್ಕೆನಲ್ಲ ಸರ್" ಎಂದಳು. ಅವಳ ಮುಖವೂ ಕೆಂಪಾಗಿತ್ತು.

ಸಂಶೋಧನಾಲಯದಲ್ಲಿ ಅವಳು ಒಂದು ಉಪಾಯ ಮಾಡಿ ನೋಡಿದಳು. ಗಣಕದಲ್ಲಿ ಕಚ್ಚುಗಳನ್ನೆಲ್ಲ ತೀಡಿ ಅಳಿಸಿದಳು. ಗೆರೆ ಕನ್ನಡಿಯ ಹಾಗಾಯಿತು. ಆದರೆ ಅದನ್ನು ಪಟ್ಟಿಗೆ ಕೊಟ್ಟರೆ ನೀರು ಹರಿಯಲಿಲ್ಲ. ಪ್ರತಿ ಕಚ್ಚಿನಿಂದ ತಪ್ಪಿಸಿಕೊಳ್ಳಲೆಂದೇ ಆ ಮನಸ್ಸು ಆಳಕ್ಕೆ ಇಳಿದಿತ್ತು. ಕಚ್ಚು ಹೋದರೆ ಆಳವೂ ಹೋಯಿತು. ಅವಳು ಅಚ್ಚನ್ನು ಹಿಂದಕ್ಕೆ ತೆಗೆದುಕೊಂಡಳು. ಮೇಲಿನವರಿಂದ ಬೈಸಿಕೊಂಡಳೆಂದು ಆಮೇಲೆ ತಿಳಿಯಿತು. ಊಟ ಬಿಟ್ಟಿದ್ದ ಅಜ್ಜಿ ದೀಪಾವಳಿಯ ಹೊತ್ತಿಗೆ ಉಣ್ಣತೊಡಗಿದರು. ಬಡಿಸಿದವಳು ಮಗಳೆಂಬುದು ಮಾತ್ರ ಅವರಿಗೆ ಮತ್ತೆ ಮರೆತಿತ್ತು.

"ಅಕ್ಕನವರ ವಿಷಯ ನಿಮಗೇ ಬಿಟ್ಟಿದೀನಿ ಸರ್" ಎಂದು ಬೊಳ್ಳಮ್ಮ ಹೇಳಿ ಕಳಿಸಿದ್ದಳು.

ಅಕ್ಕನಿಗೆ ಬುದ್ಧಿ ನೆಟ್ಟಗಿರುವಾಗಲೇ ಹೇಳಬೇಕಿತ್ತು. ಬೆಳಗಿನ ಹೊತ್ತು, ಅನಂತಮತಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಧರಣೇಂದ್ರಯ್ಯನವರು ಹೇಳಿದರು. ಬಾಗಿಲ ವಿಷಯ ಹೇಳಿದರು, ಉಸಿರಿನ ವಿಷಯ ಹೇಳಿದರು. ಪಟ್ಟಿ ಬಿಟ್ಟರೆ ನೆನಪು ಹೋಗುತ್ತದೆ, ಹಾಕಿಕೊಂಡರೆ ಈ ಸಂಕಟ ಇರುತ್ತದೆ, ನೀನೇ ಹೇಳು ಎಂದರು.

ಮರುದೇವಮ್ಮನವರು ತಮ್ಮನನ್ನೇ ನೋಡಿದರು. ಚಿಕ್ಕಂದಿನಲ್ಲಿ ಅವರಿಗೆ ಸ್ನಾನ ಮಾಡಿಸಿ ತಲೆ ಬಾಚಿದ ಅಕ್ಕ.

"ಅವತ್ತು ನನ್ನ ಕೈಲಿ ಕ್ಷಮೆ ಕೇಳಿಸ್ಕೊಂಡ್ಯಲ್ಲೋ."

"ಹೌದಕ್ಕ."

"ಉತ್ತಮ ಕ್ಷಮೆ ಅಂದ್ಯಲ್ಲೋ, ಕೈ ಬೇರೆ ಮುಗಿದು."

ಅವರು ತಲೆ ಎತ್ತಲಿಲ್ಲ.

ಮರುದೇವಮ್ಮನವರು ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಕೊಳೆಬಟ್ಟೆಯ ಹಾಗೆ ಎರಡು ಬೆರಳಲ್ಲಿ ಹಿಡಿದು ತಮ್ಮನ ತೊಡೆಯ ಮೇಲೆ ಹಾಕಿದರು. "ನಿನ್ನ ನಾಚಿಕೆ ನಂಗ್ಯಾಕೋ? ನನ್ನ ಮರೆವು ನಂಗಿರಲಿ, ನಿಂದು ನಿನ್ನ ಹತ್ರ ಇರಲಿ."

ಅನಂತಮತಿ ಎದ್ದು ಅಡುಗೆಮನೆಗೆ ಹೋದಳು. ಧರಣೇಂದ್ರಯ್ಯನವರು ಹಿಂದೆ ಹೋದಾಗ ಅವಳು ಒಲೆಯ ಕಡೆಗೆ ಮುಖ ಮಾಡಿಕೊಂಡೇ ಮಾತಾಡಿದಳು. "ನೀವು ಹೇಳಿದ್ದು ಸರಿ ಮಾವ. ಸರಿ ಅಂತ ನಂಗೂ ಗೊತ್ತು. ಆದ್ರೆ ಅತ್ತೆ ಕರೆದಾಗ ಸುಮ್ಮನಿದ್ರಿ. ಈಗ ಸುಮ್ಮನಿದ್ದಿದ್ರೆ ಅಮ್ಮ ಇನ್ನಷ್ಟು ದಿನ ನನ್ನ ಗುರುತು ಹಿಡೀತಿದ್ಲು. ನಿಮಗೆ ಯಾವತ್ತೂ ಬೇಕಾದಾಗ ಬಾಯಿ ಬರೋದೇ ಇಲ್ಲ."

ಜೊತೆಮನೆಯಿಂದ ಬೇರೊಬ್ಬರು ಬಂದು ಆಗೀಗ ಮರುದೇವಮ್ಮನವರೊಡನೆ ಕೂರುತ್ತಿದ್ದರು. ಅವರ ದೀಪ ಹತ್ತಿ ಆರಿ ಹತ್ತಿ ಆರಿ, ಸಾಮಾನ್ಯರ ದೀಪದ ಹಾಗಿತ್ತು. ಎದೆಯೊಳಗೆ ಬಚ್ಚಿಟ್ಟುಕೊಂಡವನು ಹೊರಟುಹೋದ. ಮರುದೇವಮ್ಮನವರು ಯಾರಲ್ಲೂ ಕ್ಷಮೆ ಕೇಳುವುದನ್ನು ಬಿಟ್ಟರು; ಗೌರಿಯ ಹಾಲು ನೀರು ನೀರೆಂದು ಬೈಯತೊಡಗಿದರು. ಸಂಕ್ರಾಂತಿಯ ಹೊತ್ತಿಗೆ ಗೌರಿಯ ಹೆಸರು ಹೋಯಿತು. ಆಮೇಲೆ ಮಗಳ ಹೆಸರು ಹೋಯಿತು.

ತಮ್ಮ ಹೇಳಿದ್ದೂ ಹೋಯಿತು. ಒಂದು ಬೆಳಗ್ಗೆ ಅವರು, "ಚಂದ್ರಮತಿ ಎಲ್ಲೋ? ಊರಿಗೆ ಹೋಗಿದಾಳಾ?" ಎಂದು ಕೇಳಿದರು. ಹೌದು ಎಂದು ಹೇಳಿಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಧರಣೇಂದ್ರಯ್ಯನವರು ಅಕ್ಕನ ಎದುರು ಕುಳಿತು ಮತ್ತೆ ಮೊದಲಿನಿಂದ ಹೇಳಿದರು. ಮರುದಿನವೂ ಹೇಳಿದರು. ಬೆಳಗಿನ ಪ್ರತಿಕ್ರಮಣದಲ್ಲಿ, ಮಾಡಿದ ತಪ್ಪುಗಳನ್ನು ನೆನೆದು ಹಿಂದಿರುಗುವ ಹೊತ್ತಿನಲ್ಲಿ, ಮಂತ್ರ ಹೇಳಿಕೊಳ್ಳುವ ಬದಲು ಅವರು ಇದನ್ನೇ ಹೇಳತೊಡಗಿದರು. ಅಕ್ಕನಿಗೆ ಅದು ಪ್ರತಿದಿನವೂ ಹೊಸ ಸುದ್ದಿ. ಕೆಲವು ದಿನ ಅವರು ಅತ್ತರು. ಒಂದು ದಿನ ಕೋಲು ಎತ್ತಿದರು. ಒಂದು ದಿನ "ಪಾಪ, ನೀನೂ ಮುದುಕ, ದಣಿದಿದ್ದೆ" ಎಂದು ತಲೆ ಸವರಿದರು. ಧರಣೇಂದ್ರಯ್ಯನವರಿಗೆ ತಡೆಯಲಾಗದೆ ಹೋದದ್ದು ಆ ದಿನ. ಮರುದಿನ ಆ ಕ್ಷಮೆಯೂ ಮರೆತಿತ್ತು, ಮತ್ತೆ ಹೇಳಬೇಕಾಯಿತು.

ಯಾರ ಕಥೆ ಇದು, ಯಾರು ಚಂದ್ರಮತಿ, ಎದುರಿಗೆ ಕುಳಿತು ಹೇಳುತ್ತಿರುವ ಮುದುಕ ಯಾರು, ಒಂದೊಂದಾಗಿ ಎಲ್ಲವೂ ಅವರಿಂದ ಜಾರಿಹೋಯಿತು. ಕೇಳಿ ಮುಗಿದ ಮೇಲೆ ಕೇಳುವ ಪ್ರಶ್ನೆ ಮಾತ್ರ ಜಾರಲಿಲ್ಲ.

"ಆ ಹೆಂಗಸು ಏನಂತ ಕರೀತಿದ್ಲು?"

"ಇದೀರಾ ಅಂತ."

"ಅಷ್ಟೇನಾ?"

"ಅಷ್ಟೇ."

"ಇದೀನಿ ಅನ್ನೋಕೆ ಅವನಿಗೇನಾಗಿತ್ತು?"

ಧರಣೇಂದ್ರಯ್ಯನವರು ಎದ್ದು ದೇವರಕೋಣೆಗೆ ಹೋದರು. ಆ ಕೋಣೆಯ ಬಾಗಿಲನ್ನು ಈಗ ಹಾಕುತ್ತಿರಲಿಲ್ಲ. ಸಂಕಲ್ಪ ಮಾಡಿ, ಕಣ್ಣು ಮುಚ್ಚಿ, ಸಾಮಾಯಿಕಕ್ಕೆ ಕುಳಿತರು. ಉಸಿರು ನಿಧಾನವಾಗಿ ಇಳಿಯುತ್ತಿತ್ತು.

"ಯಾರಾದ್ರೂ ಇದೀರಾ?" ಎಂದು ಹಜಾರದಿಂದ ಅಕ್ಕನ ದನಿ ಬಂತು.

"ಇದೀನಿ ಅಕ್ಕ" ಎಂದು ಅವರು ಎದ್ದರು. ನೀರು ಕೊಟ್ಟು, ಸೆರಗು ಸರಿಮಾಡಿ ಬಂದು, ಮತ್ತೆ ಮೊದಲಿನಿಂದ ಸಂಕಲ್ಪ ಮಾಡಿ ಕುಳಿತರು. ಮತ್ತೆ ದನಿ ಬಂತು. ಮತ್ತೆ ಎದ್ದರು.

ಆ ದಿನವೂ ಸಾಮಾಯಿಕ ಮುಗಿಯಲಿಲ್ಲ.